ಉಂಗುರ ಓದುವವರು ಬೇಕಾಗಿದ್ದಾರೆ

2023ರ ಮೇ ತಿಂಗಳಲ್ಲಿ ಮುಂಬೈ ಪೊಲೀಸರ ಕೈಗೆ ಭಾರೀ ಆಸಾಮಿಯೊಬ್ಬ ಸಿಕ್ಕಿಬಿದ್ದ. ಜಾಗ, ಚೆಂಬೂರಿನ ಪೀರ್ ಪಾವ್ ಜೆಟ್ಟಿ. ಕಾಲಲ್ಲಿ ಎರಡು ಉಂಗುರ, ಒಂದು ತಾಮ್ರದ್ದು, ಒಂದು ಅಲ್ಯೂಮಿನಿಯಮ್ಮಿನದು. ರೆಕ್ಕೆಯ ಅಡಿಯಲ್ಲಿ ಚೀನೀ ಥರ ಕಾಣುವ ಬರಹ. ಇನ್ನೇನು ಬೇಕು? ಬೇಹುಗಾರಿಕೆಯ ಅನುಮಾನ, ಕೇಸು. ಆರೋಪಿ ಪಾರಿವಾಳವಾದ್ದರಿಂದ ಲಾಕಪ್ಪಿನ ಬದಲು ಪರೇಲಿನ ಪ್ರಾಣಿ ಆಸ್ಪತ್ರೆಯ ಪಂಜರ. ಎಂಟು ತಿಂಗಳು! ಕಾಯಿಲೆಯೇ ಇಲ್ಲದ ರೋಗಿಯನ್ನು ಡಿಸ್ಚಾರ್ಜ್ ಮಾಡಲು ಪೊಲೀಸರ ಅನುಮತಿ ಬೇಕಿತ್ತು. ಕೊನೆಗೆ ಗೊತ್ತಾಗಿದ್ದು, ಅದು ತೈವಾನಿನಲ್ಲಿ ಸಮುದ್ರದ ಮೇಲೆ ರೇಸು ಹಾರುವ ಪಾರಿವಾಳ, ದಾರಿ ತಪ್ಪಿ ಬಂದಿದೆ ಅಂತ. 2024ರ ಜನವರಿ 30ರಂದು ಬಿಡುಗಡೆ.

ಉಂಗುರ ಹಾಕೋದೇ ಯಾರಾದರೂ ಓದಲಿ ಅಂತ. ನಾವು ಅದನ್ನು ನೋಡಿ ಹಕ್ಕಿಯನ್ನೇ ಒಳಗೆ ಹಾಕಿದೆವು.

ಮಾಟುಂಗದಲ್ಲಿ ಕಾಫಿಗೆ ಸೇರಿದಾಗ ಈ ಮಾತು ಎತ್ತಿದೆ. ಶೆಟ್ರು ಕೆರಳಿದರು. "ರೇಸಿನ ಪಾರಿವಾಳ ಬಿಡಿ. ಕಾಡಿನ ಹಕ್ಕಿ ಹಿಡಿದು ಕಾಲಿಗೆ ತಗಡು ಹಾಕ್ತಾರಲ್ಲ, ಅದು ಪಾಪ ಅಲ್ವಾ ಮಾರಾಯ್ರೇ?" ಪ್ರಶ್ನೆ ನ್ಯಾಯವಾದದ್ದೇ. ಕೇಳಿದವರ ಬಾಲ್ಕನಿಯಲ್ಲಿ ಮಾತ್ರ ಒಂದು ಗಿಳಿ ಇದೆ. ನಮ್ಮ ದೇಶದ ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. "ಛೆ, ಅದು ಮನೆಮಗಳ ಹಾಗೆ" ಅಂದರು ಶೆಟ್ರು. ಮಗಳ ಕೋಣೆಗೆ ಚಿಲಕ ಹೊರಗಿನಿಂದ.

ಹಕ್ಕಿಗಳ ಓಡಾಟ ತಿಳಿಯಲು ಉಂಗುರ ಹಾಕುವ ಸಂಶೋಧಕರು ಮಾಡುವುದು ಇಷ್ಟು. ಬೆಳಗಿನ ಜಾವ ಕಣ್ಣಿಗೆ ಕಾಣದಷ್ಟು ತೆಳು ಬಲೆ ಕಟ್ಟುತ್ತಾರೆ. ಸಿಕ್ಕಿದ ಹಕ್ಕಿಯನ್ನು ಬಟ್ಟೆ ಚೀಲದಲ್ಲಿಟ್ಟು ತೂಗುತ್ತಾರೆ, ರೆಕ್ಕೆ ಅಳೆಯುತ್ತಾರೆ, ಇಕ್ಕಳದಲ್ಲಿ ಉಂಗುರ ಒತ್ತಿ ಬಿಟ್ಟುಬಿಡುತ್ತಾರೆ. ಅಷ್ಟೂ ಹೊತ್ತು ಅಂಗೈಯಲ್ಲಿ ಅದರ ಎದೆ ಡವಡವ. ಒಮ್ಮೊಮ್ಮೆ ಬಲೆಯಲ್ಲೇ ಹಕ್ಕಿ ಸಾಯುವುದೂ ಉಂಟು, ಮುಚ್ಚಿಡುವಂಥದ್ದೇನಿಲ್ಲ. ಉಂಗುರದ ಮೇಲೆ ಒಂದು ನಂಬರು, ಜೊತೆಗೆ 'ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ' ಎಂದು ಇಂಗ್ಲಿಷಿನಲ್ಲಿ. ಯಾರೋ ಓದುತ್ತಾರೆ, ಓದಿ ಏನಾದರೂ ಮಾಡುತ್ತಾರೆ ಅನ್ನೋ ನಂಬಿಕೆ ಇದ್ದರೆ ಆ ಡವಡವಕ್ಕೆ ಒಂದು ಅರ್ಥ. ಇಲ್ಲದಿದ್ದರೆ ಶೆಟ್ರು ಹೇಳಿದ್ದೇ ಸರಿ.

ಹಾಗಾದರೆ ಓದಿ ಏನು ಮಾಡಿದೆವು? 2022ರಲ್ಲಿ ಇದೇ ಸೊಸೈಟಿಯವರು ಥಾಣೆ ಖಾರಿಯ ಆರು ಫ್ಲೆಮಿಂಗೊಗಳಿಗೆ ಜಿಪಿಎಸ್ ಕಟ್ಟಿದರು. ಒಂದಕ್ಕೆ ಹುಮಾಯೂನ್ ಅಂತ ಹೆಸರು, ಇನ್ನೊಂದಕ್ಕೆ 'ನವಿ ಮುಂಬೈ' ಅಂತಲೇ ನಾಮಕರಣ. ಉಬ್ಬರದಲ್ಲಿ ಖಾರಿಯ ಕೆಸರು ಮುಳುಗಿದಾಗ ಇವು ಪಕ್ಕದ ಕೆರೆಗಳಿಗೆ ಬಂದು ಕೂರುತ್ತವೆ. ಇದಕ್ಕೆ ಉಪಗ್ರಹ ಬೇಕಿಲ್ಲ, ನವಿ ಮುಂಬೈನ ನೆರುಳಿನ ವಾಕಿಂಗ್ ಅಜ್ಜಂದಿರಿಗೂ ಗೊತ್ತು. ಗೊತ್ತಿದ್ದೂ 2024ರಲ್ಲಿ ಅಲ್ಲಿನ ಡಿಪಿಎಸ್ ಕೆರೆಗೆ ನೀರು ಬರುವ ದಾರಿ ಕಟ್ಟಿಕೊಂಡು ಕೆರೆ ಒಣಗಿತು. ನೆರುಳಿನ ಜೆಟ್ಟಿ ಹತ್ತಿರ ದೊಡ್ಡ ಸೈನ್‌ಬೋರ್ಡಿಗೆ ಬಡಿದು ಹಕ್ಕಿಗಳು ಸತ್ತವು. ಸತ್ತ ಮೇಲೆ ಬೋರ್ಡು ತೆಗೆದರು. ಅದೇ ವರ್ಷದ ಮೇ ತಿಂಗಳಲ್ಲಿ ಘಾಟ್ಕೋಪರಿನ ಮೇಲೆ ವಿಮಾನಕ್ಕೆ ಸಿಕ್ಕಿ 30ಕ್ಕೂ ಹೆಚ್ಚು ಫ್ಲೆಮಿಂಗೊಗಳು ಸತ್ತವು. ಇಷ್ಟಾದರೂ ನವಿ ಮುಂಬೈ ತನ್ನನ್ನು 'ಫ್ಲೆಮಿಂಗೊ ಸಿಟಿ' ಅಂತಲೇ ಕರೆದುಕೊಳ್ಳುತ್ತದೆ.

ಸುಳ್ಳೇನಲ್ಲ ಬಿಡಿ. ರಸ್ತೆ ಬದಿಯಲ್ಲಿ ಫ್ಲೆಮಿಂಗೊ ಪ್ರತಿಮೆಗಳಿವೆ. ಗುಲಾಬಿ ಬಣ್ಣ, ಜೋರಾಗಿದೆ. ಅವಕ್ಕೆ ಕೆರೆ ಬೇಡ, ಕೆಸರು ಬೇಡ, ಉಂಗುರವೂ ಬೇಡ. ಮುಟ್ಟಿ ಸೆಲ್ಫಿ ತೆಗೆದುಕೊಳ್ಳಲು ಅರಣ್ಯ ಇಲಾಖೆಯ ಪರ್ಮಿಷನ್ನೂ ಬೇಡ.