ಹುಳ ಆದ್ರೂ ಫಾರಿನ್ನಿಂದ ಬಂದಿರ್ಬೇಕು

2021ರ ಜುಲೈನಲ್ಲಿ ಚೆನ್ನೈನ ಫಾರಿನ್ ಪೋಸ್ಟ್ ಆಫೀಸಿಗೆ ಪೋಲೆಂಡಿಂದ ಒಂದು ಪಾರ್ಸೆಲ್ ಬಂತು. ಕಸ್ಟಮ್ಸ್‌ನೋರು ಅನುಮಾನ ಬಂದು ಬಿಚ್ಚಿ ನೋಡಿದ್ರೆ ಒಳಗೆ 107 ಪುಟ್ಟ ಪ್ಲಾಸ್ಟಿಕ್ ಸೀಸೆ, ಒಂದೊಂದಕ್ಕೂ ಸಿಲ್ವರ್ ಫಾಯಿಲ್ಲು, ಹತ್ತಿ, ಬಾಣಂತಿ ಕೋಣೆ ಮಗೂಗೆ ಸುತ್ತಿದಂಗೆ ಸುತ್ತಿಟ್ಟಿದ್ದಾರೆ, ಒಳಗೆ ಜೀವಂತ ಜೇಡ. ಅಡ್ರೆಸ್ಸು ತಮಿಳುನಾಡಿನ ಅರುಪ್ಪುಕೋಟೆದು. ವನ್ಯಜೀವಿ ಇಲಾಖೆಯೋರು ಬಂದ್ರು, ಪ್ರಾಣಿಶಾಸ್ತ್ರದ ತಜ್ಞರು ಬಂದ್ರು, ನೋಡಿ ಇದು ಟರಾಂಟುಲಾ, ಅಂದ್ರೆ ಮೈಯೆಲ್ಲ ಕೂದಲಿರೋ ದೊಡ್ಡ ಜಾತಿ ಜೇಡ, ಮೂಲ ಮೆಕ್ಸಿಕೋ ಮಧ್ಯ ಅಮೆರಿಕ ಕಡೆ ಅಂದ್ರು. ಇಂಪೋರ್ಟ್ ಲೈಸೆನ್ಸ್ ಇಲ್ಲ, ಹೆಲ್ತ್ ಸರ್ಟಿಫಿಕೇಟ್ ಇಲ್ಲ. ಹಂಗಾಗಿ ಬಂದ ದೇಶಕ್ಕೇ ವಾಪಸ್ ಕಳಿಸಿ ಅಂತ ತೀರ್ಮಾನ ಆಗಿ ಪಾರ್ಸೆಲ್ ಮತ್ತೆ ಅಂಚೆಯೋರ ಕೈಗೇ ಹೋಯ್ತು. ಮೂಲ ಮೆಕ್ಸಿಕೋ, ಪೋಸ್ಟ್ ಆಗಿದ್ದು ಪೋಲೆಂಡಲ್ಲಿ, ಗಡೀಪಾರು ಚೆನ್ನೈಯಿಂದ. ನಮ್ಮಲ್ಲಿ ಎಷ್ಟೋ ಜನ ಪಾಸ್‌ಪೋರ್ಟ್ ಇದ್ದೂ ಇಷ್ಟು ದೇಶ ನೋಡಿರಲ್ಲ.

ನಂಗೆ ಪಾಪ ಅನ್ಸಿದ್ದು ಅದೇ ಪೋಸ್ಟ್ ಆಫೀಸಿನ ಸೂರಲ್ಲಿ ವಂಶಪಾರಂಪರ್ಯವಾಗಿ ಬಲೆ ಕಟ್ಕೊಂಡು ಕೂತಿರೋ ಲೋಕಲ್ ಜೇಡಗಳ ಬಗ್ಗೆ. ಮೇಲಿಂದ ಇಷ್ಟೆಲ್ಲ ನೋಡಿರ್ತವಲ್ಲ, ತಜ್ಞರು ಬರೋದು, ಭೂತಗನ್ನಡಿ ಹಿಡಿಯೋದು, ಫೋಟೋ ತೆಗೆಯೋದು. ಅವಕ್ಕೆ ಆಯುಧಪೂಜೆ ಹಿಂದಿನ ದಿನ ಉದ್ದ ಕೋಲಿನ ಪೊರಕೆ ಬಿಟ್ರೆ ಬೇರೆ ಸರ್ಕಾರಿ ಮರ್ಯಾದೆ ಇವತ್ತಿನವರೆಗೂ ಸಿಕ್ಕಿಲ್ಲ.

ಕಸ್ಟಮ್ಸ್‌ನೋರು ತಪ್ಪು ಮಾಡಿದ್ರು ಅಂತ ನಾನ್ ಹೇಳ್ತಿಲ್ಲ. ಒಬ್ಬರ ಶೋಕಿ ಊರಿಗೇ ಹೆಂಗೆ ಬಡ್ಕೊಳ್ಳುತ್ತೆ ಅನ್ನೋದನ್ನ ಶನಿವಾರಸಂತೆ, ಸೋಮವಾರಪೇಟೆ ಕಡೆ ಕಾಫಿ ಬೆಳೆಗಾರರನ್ನ ಕೇಳಿ. 1847ರಲ್ಲಿ ಬೆನ್ಸನ್ ಅಂತ ಒಬ್ಬ ಶಂಖದ ಹುಳು ಪಂಡಿತ ದೊರೆ ಮಾರಿಷಸ್ಸಿಂದ ಒಂದಷ್ಟು ಆಫ್ರಿಕಾದ ದೊಡ್ಡ ಬಸವನಹುಳು ಆಸೆಪಟ್ಟು ತಂದು ಕಲ್ಕತ್ತೆ ತೋಟದಲ್ಲಿ ಬಿಟ್ಟ. ಅಷ್ಟೇ. ಅವು ನಿಧಾನಕ್ಕೆ, ಬಸವನಹುಳು ಅಲ್ವಾ, ನಿಧಾನಕ್ಕೇ ದೇಶ ಸುತ್ತಿ ಕೊಡಗಿನ ಕಾಫಿ ಗಿಡ ಹತ್ತಿ ಕೂತಿವೆ. ಅಲ್ಲಿ ಮಳೆಗಾಲದಲ್ಲಿ ಕೂಲಿ ಕೊಟ್ಟು ಆರಿಸ್ತಾರೆ, ಸುಣ್ಣ ಚೆಲ್ತಾರೆ, ಉಪ್ಪು ಸುರೀತಾರೆ. ಅದೇ ಹುಳುನ ಇಂಗ್ಲೆಂಡಲ್ಲಿ ಮಕ್ಕಳು ಗಾಜಿನ ತೊಟ್ಟೀಲಿ ಸಾಕ್ಕೊಂಡು, ಸೌತೆಕಾಯಿ ಹಾಕಿ, ಚಿಪ್ಪು ಗಟ್ಟಿ ಆಗ್ಲಿ ಅಂತ ಕ್ಯಾಲ್ಸಿಯಂ ಕೊಟ್ಟು, ಹೆಸರಿಟ್ಟು ಕರೀತಾರೆ. ಕೊಡಗಲ್ಲೂ ಹೆಸರಿಟ್ಟು ಕರೀತಾರೆ, ಬರೆಯೋ ಹಂಗಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಫ್ಲೋರಲ್ಲಿ ಒಬ್ಬ ಹುಡುಗ ಇದಾನೆ, ಸಾಫ್ಟ್‌ವೇರು, ವರ್ಕ್ ಫ್ರಮ್ ಹೋಮು, ಒಂದು ಟರಾಂಟುಲಾ ಸಾಕಿದಾನೆ. ಅದಕ್ಕೆ ಅಕ್ರಿಲಿಕ್ ಮನೆ, ಒಳಗೆ ತೆಂಗಿನ ನಾರಿನ ಪುಡಿ ಹಾಸಿಗೆ, ತೇವ ಅಳೆಯೋ ಮೀಟರು, ನೀರಿಗೆ ಬಾಟಲ್ ಮುಚ್ಚಳ. ಮುಟ್ಟೋ ಹಂಗಿಲ್ಲ, ಮಾತಾಡ್ಸಿದ್ರೆ ಕೇಳಲ್ಲ, ಸಾಕಿದೋನು ಯಾರು ಅಂತ ಗುರುತು ಹಿಡಿಯಲ್ಲ, ಹಗಲೆಲ್ಲ ಮೂಲೇಲಿ ಕೂತಿರುತ್ತೆ, ವಾರಕ್ಕೆ ಒಂದೋ ಎರಡೋ ಸಲ ಊಟ. ಇಂಥ ಅಳಿಯ ಸಿಕ್ಕಿದ್ರೆ ಯಾರೂ ಬೇಡ ಅನ್ನಲ್ಲ ಬಿಡಿ. ಅವ್ರ ಮನೆ ಕೆಲಸದಮ್ಮ ಮೊದಲನೇ ದಿನ ಹೆದರ್ಕೊಂಡ್ರು, ಎರಡನೇ ದಿನ ಪೊರಕೆ ಊರ್ಕೊಂಡು ನಿಂತು ವಿಚಾರಿಸಿದ್ರು.

"ಅಣ್ಣಾ, ಇದು ಏನ್ ತಿಂತೈತೆ?"

"ಜಿರಳೆ, ಆಂಟಿ."

"ಅಷ್ಟೇನಾ, ಸಿಂಕ್ ಕೆಳಗೆ ಬೇಕಾದಷ್ಟವೆ, ಹಿಡ್ಕೊಡ್ಲಾ?"

"ಅಯ್ಯೋ ಬೇಡ ಆಂಟಿ, ಅವು ಔಷಧಿ ತಿಂದಿರ್ತವೆ, ಇದು ಸತ್ತೋಗುತ್ತೆ. ಇದಕ್ಕೆ ಅಂತಲೇ ಬೇರೆ ಜಿರಳೆ ದುಡ್ಡು ಕೊಟ್ಟು ತರ್ಸಿ ಬಾಕ್ಸಲ್ಲಿ ಸಾಕಿದೀನಿ."

"ಆ ಜಿರಳೆಗೆ ಏನ್ ಹಾಕ್ತೀಯ?"

"ಕ್ಯಾರೆಟ್ಟು, ಸೇಬು."

ಆಂಟಿ ಸ್ವಲ್ಪ ಹೊತ್ತು ಜಿರಳೆ ಬಾಕ್ಸನ್ನೇ ನೋಡಿ, "ನನ್ ಸಂಬಳ ಈ ಸಲನಾದ್ರೂ ಐದನೇ ತಾರೀಕೊಳಗೆ ಹಾಕಣ್ಣ" ಅಂದ್ರಂತೆ.

ಒಂದೇ ಮನೇಲಿ ಎರಡು ಜಾತಿ ಜಿರಳೆ ನೋಡಿ ನೀವು. ಸಿಂಕ್ ಕೆಳಗಿಂದಕ್ಕೆ ಮೂರು ತಿಂಗಳಿಗೊಂದ್ಸಲ ಪೆಸ್ಟ್ ಕಂಟ್ರೋಲ್, ವರ್ಷದ ಕಾಂಟ್ರಾಕ್ಟು. ಬಾಕ್ಸಲ್ಲಿರೋದಕ್ಕೆ ಶಿಮ್ಲಾ ಸೇಬು. ಪೆಸ್ಟ್ ಕಂಟ್ರೋಲ್‌ನೋನು ಬರೋ ದಿನ ಆ ವಾಸನೆ ಜೇಡಕ್ಕೆ ಆಗಲ್ಲ ಅಂತ ಜೇಡ, ಅದರ ಮನೆ, ಅದರ ಊಟ ಎಲ್ಲ ಕ್ಯಾಬಲ್ಲಿ ಎಚ್‌ಎಸ್‌ಆರ್ ಲೇಔಟಿನ ಫ್ರೆಂಡ್ ಮನೆಗೆ ಹೋಗಿ ಎರಡು ದಿನ ಇದ್ದು ಬರ್ತವೆ. ಅಂದ್ರೆ ಮನೇಲಿರೋ ಜೇಡ ಜಿರಳೆ ಸಾಯ್ಲಿ ಅಂತ ಕೊಡೋ ದುಡ್ಡು ಬೇರೆ, ಮನೇಲಿರೋ ಜೇಡ ಜಿರಳೆ ಬದುಕ್ಲಿ ಅಂತ ಕೊಡೋ ದುಡ್ಡು ಬೇರೆ, ಎರಡೂ ಒಂದೇ ಫೋನಿಂದ ಯುಪಿಐ.

ಮಧ್ಯದಲ್ಲಿ ಅವನ ಅಮ್ಮ ಹಾಸನದಿಂದ ಬಂದಿದ್ರು. ಅವತ್ತೇ ಜೇಡ ಅಂಗಾತ ಮಲಗಿತ್ತು, ಎಂಟೂ ಕಾಲು ಮೇಲೆ. "ಸತ್ತೋಗಿದೆ ಕಣೋ, ಹೋಗಿ ತಲೆ ಮೇಲೆ ನೀರ್ ಹಾಕ್ಕೊ" ಅಂದ್ರು ಅಮ್ಮ. ಸತ್ತಿರ್ಲಿಲ್ಲ, ಪೊರೆ ಬಿಡ್ತಿತ್ತು. ಟರಾಂಟುಲಾ ಪೊರೆ ಬಿಡೋದು ಬೆನ್ನ ಮೇಲೆ ಮಲಗೇ, ನಿಜವಾಗ್ಲೂ ಸತ್ರೆ ಕಾಲು ಒಳಗೆ ಮುದುರ್ಕೊಂಡಿರುತ್ತೆ, ಇದು ಗೊತ್ತಿಲ್ದೆ ಎಷ್ಟೋ ಜನ ಬದುಕಿರೋದನ್ನೇ ಎಸೆದುಬಿಟ್ಟಿದ್ದಾರೆ. ಆ ಟೈಮಲ್ಲಿ ಅದರ ಮೈಯೆಲ್ಲ ಮೆತ್ತಗಿರುತ್ತೆ, ಅಲ್ಲಾಡ್ಸಬಾರ್ದು, ತಿನ್ನೋಕೆ ಹುಳ ಹಾಕಿದ್ರೆ ಆ ಹುಳನೇ ಇದನ್ನ ಕಚ್ಚಿಬಿಡಬಹುದು. ಹಂಗಾಗಿ ಮಗ ಮಿಕ್ಸಿ ಹಾಕ್ಬೇಡಮ್ಮ ಅಂದ. ಅವತ್ತು ದೋಸೆಗೆ ಚಟ್ನಿಪುಡಿ.

ಇಷ್ಟೆಲ್ಲ ಸೇವೆ ಮಾಡಿಸ್ಕೊಳ್ತಿರೋದು ಮೆಕ್ಸಿಕೋದ್ದು. ನಮ್ಮದೇ ಒಂದಿದೆ, ಅದರ ಕಥೆ ಕೇಳಿ. ಗುಂತಕಲ್ ಪಕ್ಕದ ಗುತ್ತಿ ಗೊತ್ತಲ್ಲ, ಮುಂಬೈ ಟ್ರೇನಲ್ಲಿ ಹೋಗಿರೋರಿಗೆಲ್ಲ ಗೊತ್ತಿರುತ್ತೆ, ಅಲ್ಲಿಯ ರೈಲ್ವೆ ಮರದ ಯಾರ್ಡಲ್ಲಿ ಸಿಕ್ಕಿದ ಒಂದು ಜೇಡನ 1899ರಲ್ಲಿ ಪೊಕಾಕ್ ಅನ್ನೋ ಬ್ರಿಟಿಷ್ ವಿಜ್ಞಾನಿ ಹೆಸರಿಟ್ಟು ದಾಖಲೆ ಮಾಡಿದ. ಮಿರಮಿರ ಮಿಂಚೋ ನೀಲಿ, ಕಾಲ ಮೇಲೆ ಹಳದಿ ಚುಕ್ಕೆ, ಕಾಂಜೀವರಂ ಸೀರೆಯೋರು ನೋಡಿದ್ರೆ ಡಿಸೈನ್ ಕದೀಬೇಕು ಹಂಗಿದೆ. ಆಮೇಲೆ ನೂರು ವರ್ಷ ಪತ್ತೆನೇ ಇಲ್ಲ. 2001ರಲ್ಲಿ ನೋಡಿದ್ರೆ ಅದರ ನಿಜವಾದ ಊರು ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ, ನಂದ್ಯಾಲ ಗಿದ್ದಲೂರು ನಡುವಿನ ಕಾಡು, ಗುತ್ತಿಗೆ ಅದು ಬಂದಿದ್ದು ಮರದ ದಿಮ್ಮಿ ಜೊತೆ ಟಿಕೆಟ್ ಇಲ್ದೆ ಗಾಡಿ ಹತ್ತಿ ಇರಬೇಕು ಅಂತಾರೆ. ಆ ಕಾಡು ನೂರು ಚದರ ಕಿಲೋಮೀಟರೂ ದಾಟಲ್ಲ, ಅದನ್ನೂ ಸೌದೆಗೆ ಮರಕ್ಕೆ ಕಡಿದು ಕಡಿದು ಇಟ್ಟಿದ್ದಾರೆ. 2008ರಲ್ಲಿ ಇದನ್ನ ಅಳಿವಿನ ಕೊನೆ ಅಂಚಿನ ಪಟ್ಟಿಗೆ ಸೇರಿಸಿದ್ರು.

ಇಲ್ಲಿ ಅಳಿವಿನ ಅಂಚಲ್ಲಿರೋ ಈ ಆಂಧ್ರದ ಜೇಡ ಯುರೋಪು ಅಮೆರಿಕದಲ್ಲಿ ಮಾತ್ರ ತುಂಬಿ ತುಳುಕ್ತಾ ಇದೆ. ಬೆಡ್‌ರೂಮಲ್ಲಿ ಹೀಟರ್ ಹಾಕಿ ಮರಿ ಮಾಡಿಸಿ ಮಾರ್ತಾರೆ, ಮೊಟ್ಟೆ ಚೀಲದಿಂದ ಮರಿ ಆಚೆ ಬಂದ್ರೆ ಹೆರಿಗೆ ಆಸ್ಪತ್ರೆ ಮುಂದೆ ಪೇಡೆ ಹಂಚಿದಂಗೆ ಸಂಭ್ರಮ. ಅದರ ಕೆಳಗೆ ಹಾಸೋ ತೆಂಗಿನ ನಾರಿನ ಪುಡಿ ಹೆಚ್ಚಾಗಿ ಹೋಗೋದೂ ನಮ್ಮ ಕಡೆಯಿಂದ, ಶ್ರೀಲಂಕಾದಿಂದ. ಅಂದ್ರೆ ಜೇಡನೂ ನಮ್ದೇ, ಹಾಸಿಗೆನೂ ನಮ್ದೇ, ಮಲಗೋಕೆ ಮಾತ್ರ ಜರ್ಮನಿ. 2019ರಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಸಭೇಲಿ ಈ ಇಡೀ ಕುಲದ ವ್ಯಾಪಾರಕ್ಕೆ ಕಡಿವಾಣ ಹಾಕಿ ಅಂತ ಪ್ರಸ್ತಾವ ಇಟ್ಟೋರು ಶ್ರೀಲಂಕಾ ಮತ್ತೆ ಅಮೆರಿಕ. ನಮ್ಮೋರು ಎಲ್ಲೋ ಹಿಂದಿನ ಸಾಲಲ್ಲಿ ಕೂತಿದ್ರು ಅನ್ಸುತ್ತೆ.

ಜೇಡ ಬಿಡಿ, ಇರುವೆಗೂ ಈಗ ಬೆಲೆ ಬಂದಿದೆ. 2025ರ ಏಪ್ರಿಲಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹತ್ತೊಂಬತ್ತು ವರ್ಷದ ಹುಡುಗರು ಸಿಕ್ಕಿಬಿದ್ರು, ಹತ್ರ ಇದ್ದಿದ್ದು ಸುಮಾರು 5,000 ಇರುವೆ, ಹೆಚ್ಚಾಗಿ ರಾಣಿಗಳು, ಟೆಸ್ಟ್ ಟ್ಯೂಬಲ್ಲಿ ಹತ್ತಿ ಇಟ್ಟು, ಎರಡು ತಿಂಗಳು ಬದುಕೋ ಹಂಗೆ ಪ್ಯಾಕಿಂಗು. ಆನೆ ದಂತ, ಘೇಂಡಾಮೃಗದ ಕೊಂಬು ಹಿಡಿಯೋ ಇಲಾಖೆ ಟೇಬಲ್ ಮೇಲೆ ಟ್ಯೂಬ್ ಜೋಡ್ಸಿ ಇರುವೆ ಎಣಿಸ್ತು. ಕೋರ್ಟಲ್ಲಿ ತಲಾ ಹತ್ತು ಲಕ್ಷ ಶಿಲಿಂಗ್ ದಂಡ, ಇಲ್ಲಾಂದ್ರೆ ಒಂದು ವರ್ಷ ಜೈಲು. ನಗಬೇಡಿ, ರಾಣಿಯರನ್ನ ಸಾವಿರಗಟ್ಟಲೆ ಕಿತ್ಕೊಂಡು ಹೋದ್ರೆ ಅಲ್ಲಿ ಹೊಸ ಗೂಡೇ ಹುಟ್ಟಲ್ಲ, ಆ ಇರುವೆ ಹುಲ್ಲಿನ ಬೀಜ ಹೊತ್ತು ಚೆಲ್ಲಿದ್ರೇನೇ ಅಲ್ಲಿಯ ಹುಲ್ಲುಗಾವಲು. ಆದ್ರೆ ಈ ಸುದ್ದೀನ ಸಕಲೇಶಪುರ ಕಡೆ ಓದಿದ್ರೆ ಏನಾಗಬೇಡ ಹೇಳಿ. ಅಲ್ಲಿ ಚಗಳಿ ಅನ್ನೋ ಕೆಂಪಿರುವೆ ಗೂಡು ಕೊಯ್ದು, ಹುರಿದು, ಉಪ್ಪು ಖಾರ ಬೆಳ್ಳುಳ್ಳಿ ಹಾಕಿ ಅರೆದು ರೊಟ್ಟಿ ಜೊತೆ ತಿನ್ನೋರು, ಈ ಕೀನ್ಯಾ ಲೆಕ್ಕದಲ್ಲಿ ಒಂದು ತುತ್ತು ಚಟ್ನಿಗೆ ಎಷ್ಟು ಲಕ್ಷ ಅಂತ ಲೆಕ್ಕ ಹಾಕ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ. ಒಡಿಶಾದ ಮಯೂರ್‌ಭಂಜಿನೋರು ಬುದ್ಧಿವಂತ್ರು, ಅವ್ರ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗೇ ತಗೊಂಡ್ರು. ನಮ್ಮೋರು ಇನ್ನೂ ಚಗಳಿನೋ ಚಿಗಳಿನೋ ಅಂತ ಜಗಳ ಮುಗಿಸಿಲ್ಲ.

ನಾಲ್ಕನೇ ಫ್ಲೋರಿನ ಹುಡುಗನಿಗೆ ಈಗ ಹೊಸ ತಲೆನೋವು ಶುರುವಾಗಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯ್ತಲ್ಲ, ಅದರ ಮೇಲೆ 2024ರಲ್ಲಿ ರೂಲ್ಸ್ ಬಂತು, ಆ ಸೈಟಿಸ್ ಪಟ್ಟೀಲಿರೋ ಫಾರಿನ್ ಜೀವಿ ಯಾವುದೇ ಇಟ್ಕೊಂಡಿದ್ರೂ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ 2.0 ಪೋರ್ಟಲಲ್ಲಿ ನೋಂದಣಿ ಮಾಡಿಸ್ಬೇಕು, ಆರು ತಿಂಗಳು ಟೈಮ್ ಕೊಟ್ಟಿದ್ರು. ಗಿಳಿ, ಇಗ್ವಾನಾ ಲೆಕ್ಕದಲ್ಲಿ ಮಾಡಿದ ರೂಲ್ಸು, ಸರಿಯಾಗೇ ಇದೆ. ಹುಟ್ಟಿದ್ರೂ ತಿಳಿಸ್ಬೇಕು, ಸತ್ರೂ ತಿಳಿಸ್ಬೇಕು. ಗಿಳಿ ಎಷ್ಟು ಮರಿ ಹಾಕುತ್ತೆ, ಮೂರೋ ನಾಲ್ಕೋ. ಟರಾಂಟುಲಾ ಒಂದು ಮೊಟ್ಟೆ ಚೀಲ ಬಿಚ್ಚಿದ್ರೆ ನೂರಾರು ಮರಿ, ಕೂದಲೆಳೆ ದಪ್ಪ ಕಾಲು, ಎಣಿಸೋಕೆ ಕೂತ್ರೆ ಎಣಿಕೆ ಮುಗಿಯೋದ್ರೊಳಗೆ ಒಂದಿಷ್ಟು ಒಂದನ್ನೊಂದು ತಿಂದು ಮುಗಿಸಿರ್ತವೆ. ಹುಟ್ಟಿದ್ದು ಅಪ್‌ಡೇಟ್ ಮಾಡ್ಬೇಕಾ, ಸತ್ತಿದ್ದು ಅಪ್‌ಡೇಟ್ ಮಾಡ್ಬೇಕಾ, ಓಟಿಪಿ ಬರೋದ್ರೊಳಗೆ ಲೆಕ್ಕನೇ ಬದಲಾಗಿರುತ್ತೆ.

ಹೋದ ವಾರ ಲಿಫ್ಟಲ್ಲಿ ಸಿಕ್ಕಿದ್ದ, ಮುಖ ಸಣ್ಣಗಿತ್ತು. ಹೆಣ್ಣು ಜೇಡಕ್ಕೆ ಜೋಡಿ ಮಾಡೋಣ ಅಂತ ಫ್ರೆಂಡ್ ಹತ್ರ ಗಂಡು ತಂದು ಬಿಟ್ಟಿದ್ನಂತೆ, ಬೆಳಗ್ಗೆ ಎದ್ದು ನೋಡಿದ್ರೆ ಗಂಡಿನ ಎರಡು ಕಾಲು ಮಾತ್ರ ಉಳಿದಿತ್ತಂತೆ.

"ಅಂಕಲ್, ನಿಮಗೆ ಈ ಗೌರ್ನಮೆಂಟ್ ಫಾರಂ ಎಲ್ಲ ಗೊತ್ತಲ್ವಾ, ಸಾವಿಗೆ ಕಾರಣ ಅಂತ ಕೇಳಿದ್ರೆ ಏನ್ ಬರೀಲಿ?" ಅಂದ.

"ದಾಂಪತ್ಯ ಅಂತ ಬರಿಯಪ್ಪ, ಸೆಕ್ಷನ್ ಆಫೀಸರ್ ಮದ್ವೆ ಆಗಿರೋರಾದ್ರೆ ಪ್ರಶ್ನೆ ಕೇಳದೆ ಸೈನ್ ಮಾಡ್ತಾರೆ" ಅಂದೆ.