ಸಿಂಹಾಸನದ ಸಾಲ ಯಾರು ತೀರಿಸಬೇಕು?

‘ಎ ಗೇಮ್ ಆಫ್ ಥ್ರೋನ್ಸ್’ ಅಂದರೆ ಸಾಕು, ಎಲ್ಲರೂ ಡ್ರ್ಯಾಗನ್ ಮಾತು ಎತ್ತುತ್ತಾರೆ. ಇಲ್ಲ ಅಂದ್ರೆ ಯಾರ ತಲೆ ಯಾವಾಗ ಉರುಳಿತು ಅನ್ನೋ ಚರ್ಚೆ. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಈ ಕಾದಂಬರಿಯಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯದಲ್ಲಿ ಡ್ರ್ಯಾಗನ್ನೂ ಇಲ್ಲ, ಕತ್ತಿವರಸೆಯೂ ಇಲ್ಲ. ಕೆಲವರು ಮೇಜಿನ ಸುತ್ತ ಕೂತು ಸಾಲದ ಬಗ್ಗೆ ಮಾತಾಡುತ್ತಾರೆ, ಅಷ್ಟೇ.

(ಇದು ಒಂದು ಸರಣಿಯ ಮೊದಲ ಪುಸ್ತಕ. ಅದರ ಕಥೆಯನ್ನೆಲ್ಲ ಇಲ್ಲಿ ಬಿಟ್ಟುಕೊಡುತ್ತೇನೆ. ಅದು ಬಂದದ್ದು 1996ರಲ್ಲಿ, ಹಾಗಾಗಿ ನನ್ನನ್ನು ಬೈಯಬೇಡಿ.)

ಉತ್ತರದ ಚಳಿನಾಡಿನಿಂದ ನೆಡ್ ಸ್ಟಾರ್ಕ್ ರಾಜಧಾನಿಗೆ ಬರುತ್ತಾನೆ. ರಾಜ ರಾಬರ್ಟ್ ಅವನ ಹಳೇ ಗೆಳೆಯ, ಈಗ ಇವನನ್ನು ಮುಖ್ಯ ಮಂತ್ರಿ ಮಾಡಿಕೊಂಡಿದ್ದಾನೆ. ಬಂದ ದಿನವೇ ಮಂತ್ರಿಗಳ ಸಭೆ. ವಿಷಯ ಏನು? ನೆಡ್‌ನ ಗೌರವಕ್ಕೆ ಒಂದು ದೊಡ್ಡ ಪಂದ್ಯಾವಳಿ. ಈಟಿ ಕಾಳಗದಲ್ಲಿ ಗೆದ್ದವನಿಗೆ 40,000 ಚಿನ್ನದ ನಾಣ್ಯ, ಎರಡನೆಯವನಿಗೆ 20,000, ಗುಂಪು ಕಾಳಗಕ್ಕೆ 20,000, ಬಿಲ್ಲುಗಾರನಿಗೆ 10,000. ಊಟ, ಬಡಗಿ, ಹಾಡುಗಾರರ ಖರ್ಚು ಬೇರೆ. ದುಡ್ಡು ಎಲ್ಲಿದೆ ಅಂತ ನೆಡ್ ಕೇಳಿದಾಗ ಗುಟ್ಟು ಹೊರಬೀಳುತ್ತದೆ. ಖಜಾನೆ ಖಾಲಿ. ಸಾಲ 60 ಲಕ್ಷಕ್ಕೂ ಮೇಲೆ. ಅದರಲ್ಲಿ ಸುಮಾರು 30 ಲಕ್ಷ ರಾಣಿಯ ಅಪ್ಪ ಟೈವಿನ್ ಲ್ಯಾನಿಸ್ಟರ್ ಒಬ್ಬನಿಗೇ. ಅಂದರೆ ಮಾವನ ದುಡ್ಡಲ್ಲಿ ಅಳಿಯನ ದರ್ಬಾರು!

ನನ್ನ ಪ್ರಕಾರ ಇಡೀ ಕಾದಂಬರಿಯನ್ನು ಈ ಸಭೆಯಿಂದಲೇ ಓದಬೇಕು. ಉಡಾಯಿಸುವವರು ಯಾರು, ಕೊನೆಗೆ ತೆರುವವರು ಯಾರು ಅನ್ನೋದೇ ಇದರ ಕಥೆ.

ಪಂದ್ಯಾವಳಿ ಜೋರಾಗಿಯೇ ನಡೆಯುತ್ತದೆ. ನೆಡ್‌ನ ಮಗಳು ಸಾನ್ಸಾಗೆ ತಾನು ಕೇಳಿದ್ದ ಹಾಡುಗಳೆಲ್ಲ ಕಣ್ಣೆದುರು ಬಂದ ಹಾಗೆ ಅನಿಸುತ್ತದೆ. ಆಗ ಹೊಸ ಕವಚ ತೊಟ್ಟ ಒಬ್ಬ ಎಳೆಯ ನೈಟ್‌ನ (ಪದವಿ ಪಡೆದ ಸವಾರ ವೀರ) ಗಂಟಲಿಗೆ ಟೈವಿನ್‌ನ ಸರದಾರ ಗ್ರೆಗರ್ ಕ್ಲೆಗೇನ್‌ನ ಈಟಿ ನಾಟುತ್ತದೆ. ಸಾನ್ಸಾ ನೋಡ್ತಾ ಕೂತಿರುತ್ತಾಳೆ. ಸತ್ತವನ ನೀಲಿ ಮೇಲುಹೊದಿಕೆಯ ಅಂಚಿನಲ್ಲಿದ್ದ ಚಂದ್ರನ ಚಿತ್ರಗಳು ರಕ್ತ ಹೀರಿ ಒಂದೊಂದಾಗಿ ಕೆಂಪಾಗುತ್ತವೆ. ಆಮೇಲೆ ಹೆಣ ಎತ್ತಿಕೊಂಡು ಹೋಗುತ್ತಾರೆ, ಒಬ್ಬ ಹುಡುಗ ಓಡಿಬಂದು ರಕ್ತದ ಮೇಲೆ ಮಣ್ಣು ಎಳೆಯುತ್ತಾನೆ, ಆಟ ಮುಂದುವರಿಯುತ್ತದೆ.

ಅದೇ ರಾತ್ರಿ ಗ್ರೆಗರ್‌ನ ತಮ್ಮ ಸ್ಯಾಂಡರ್ ತನ್ನ ಸುಟ್ಟ ಮುಖದ ಕಥೆಯನ್ನು ಆ ಹುಡುಗಿಗೆ ಹೇಳುತ್ತಾನೆ. ಅವನಿಗಾಗ ಆರೋ ಏಳೋ ವರ್ಷ. ಅಣ್ಣನ ಮರದ ಗೊಂಬೆಯೊಂದನ್ನು ಎತ್ತಿಕೊಂಡು ಆಡಿದ. ಅಣ್ಣ ಅವನ ಮುಖವನ್ನು ಕೆಂಡಕ್ಕೆ ಒತ್ತಿ ಹಿಡಿದ. ಆ ಗೊಂಬೆಯೂ ಒಬ್ಬ ನೈಟ್! ನಾಲ್ಕು ವರ್ಷ ಕಳೆದ ಮೇಲೆ ಅದೇ ಅಣ್ಣನಿಗೆ ನೈಟ್ ಪದವಿ ಸಿಗುತ್ತದೆ. ಅದನ್ನು ಕೊಟ್ಟವನು ಸ್ವತಃ ಯುವರಾಜ. ಸ್ಯಾಂಡರ್ ಮಾತ್ರ ತನ್ನನ್ನು ನೈಟ್‌ಗಳ ಹಾಗೆ ‘ಸರ್’ ಅಂತ ಕರೆಯೋಕೆ ಯಾರಿಗೂ ಬಿಡುವುದಿಲ್ಲ. ಹಾಗಂತ ಅವನೇನು ಸಾಧು ಅಲ್ಲ. ಕಟುಕನ ಮಗನೊಬ್ಬನನ್ನು ಕುದುರೆ ಮೇಲೆ ಅಟ್ಟಿಸಿಕೊಂಡು ಹೋಗಿ ಕೊಂದವನು ಇವನೇ. ಮುಂದೆ ಗ್ರೆಗರ್ ನದಿ ಸೀಮೆಯ ಹಳ್ಳಿಗಳನ್ನು ಸುಡುತ್ತಾನೆ. ಮನೆ ಹೊಲ ಕಳೆದುಕೊಂಡ ಜನ ನ್ಯಾಯ ಕೇಳಲು ಅರಮನೆಗೆ ಬಂದು ಸಿಂಹಾಸನದ ಮುಂದೆ ಮಂಡಿಯೂರುತ್ತಾರೆ. ಸ್ಟಾರ್ಕ್, ಲ್ಯಾನಿಸ್ಟರ್ ಥರದ ದೊಡ್ಡವರ ಮನೆಗಳ ಜಗಳದ ಖರ್ಚಿನ ಬಿಲ್ ಇವರ ಕೈಗೆ ಬಂದಿದೆ.

ಇದು ನಮ್ಮ ಮಹಾಭಾರತವೇ ಅಲ್ವಾ ಅಂತ ಕೇಳುವವರಿದ್ದಾರೆ. ದಾಯಾದಿ ಜಗಳ ಅನ್ನೋ ಮಟ್ಟಿಗೆ ಹೋಲಿಕೆ ಇದೆ, ಬೇಡ ಅನ್ನಲ್ಲ. ಆದರೆ ಬೇರು ಇರೋದು ಇಂಗ್ಲೆಂಡಿನ ಗುಲಾಬಿ ಯುದ್ಧಗಳಲ್ಲಿ, 1455ರಿಂದ 1487ರವರೆಗೆ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಕಚ್ಚಾಡಿದ ಕಾಲದಲ್ಲಿ. ಸ್ಟಾರ್ಕ್, ಲ್ಯಾನಿಸ್ಟರ್ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಕೊಲ್ಲೋಕೆ ಮನಸ್ಸು ಒಪ್ಪಲ್ಲ ಅಂತ ಸೇನೆಗೆ ಸೇರಲು ನಿರಾಕರಿಸಿದವರು ಮಾರ್ಟಿನ್. ಅದು ಗೊತ್ತಾದ ಮೇಲೆ ಆ ಹಳ್ಳಿಯವರ ದೃಶ್ಯ ನನಗೆ ಇನ್ನೂ ಜಾಸ್ತಿ ತಟ್ಟಿತು.

ಇನ್ನು ಮಾಟ. ಸಮುದ್ರದಾಚೆ ಡೆನೇರಿಸ್ ಅನ್ನೋ ಹುಡುಗಿಯ ಗಂಡ, ಕುದುರೆ ಸವಾರರ ದೊರೆ ಡ್ರೋಗೋ, ಗಾಯ ಕೀವಾಗಿ ಸಾಯುತ್ತಿದ್ದಾನೆ. ಆ ಸವಾರರೇ ಲೂಟಿ ಮಾಡಿದ ಊರಿನ ಮಿರಿ ಮಾಜ್ ಡೂರ್ ಅನ್ನೋ ಹೆಂಗಸು ರಕ್ತದ ಮಾಟ ಮಾಡುತ್ತಾಳೆ. ಜೀವಕ್ಕೆ ಜೀವವೇ ಬೆಲೆ ಅಂತ ಮೊದಲೇ ಹೇಳಿರುತ್ತಾಳೆ. ಕುದುರೆ ಬಲಿಯಾಗುತ್ತದೆ, ಡೆನೇರಿಸ್ ಹೊಟ್ಟೆಯಲ್ಲಿದ್ದ ಮಗು ಹೋಗುತ್ತದೆ, ಗಂಡ ಬರೀ ಉಸಿರಾಡುವ ದೇಹವಾಗಿ ಉಳಿಯುತ್ತಾನೆ. ನಾನು ನಿನ್ನನ್ನು ಕಾಪಾಡಿದ್ದೆನಲ್ಲ ಅಂತ ಡೆನೇರಿಸ್ ಕೇಳುತ್ತಾಳೆ. ಮಿರಿ ಕೊಡುವ ಉತ್ತರ ಈ ಪುಸ್ತಕದ ಅತಿ ಕಠಿಣ ಪುಟ. ನೀನು ಬರುವ ಮೊದಲೇ ಮೂವರು ಸವಾರರು ನನ್ನ ಮೇಲೆ ಬಿದ್ದಿದ್ದರು. ನನ್ನ ಗುಡಿ ಸುಟ್ಟುಹೋಯಿತು. ನಾನು ಜ್ವರ ವಾಸಿಮಾಡಿದ ಹುಡುಗನ ತಲೆ ಬೀದಿಯಲ್ಲಿ ಬಿದ್ದ ತಲೆಗಳ ರಾಶಿಯಲ್ಲಿತ್ತು. ನೀನು ಕಾಪಾಡಿದ್ದಾದರೂ ಏನನ್ನು?

ಇವಳನ್ನು ಸುಮ್ನೆ ಮಾಟಗಾತಿ, ಕೇಡಿ ಅಂತ ಬದಿಗೆ ತಳ್ಳುವವರ ಜೊತೆ ನಾನು ಒಪ್ಪಲ್ಲ. ಲೂಟಿಯಾದ ಊರಿನ ಸೂಲಗಿತ್ತಿ ಅವಳು. ಬರಬೇಕಿದ್ದ ಬಾಕಿ ವಸೂಲಿ ಮಾಡಿದಳು. ಅದಕ್ಕೆ ಹೊಟ್ಟೆಯಲ್ಲಿದ್ದ ಕೂಸು ಬಲಿಯಾಗಬೇಕಿತ್ತಾ ಅಂದರೆ, ಇಲ್ಲ. ಎರಡೂ ಮಾತು ನಿಜ.

ತಕರಾರು ಇಲ್ಲವೇ ಅಂದರೆ, ಇದೆ. ಮೊದಲ ಪುಸ್ತಕದಲ್ಲಿ ಪೀಠಿಕೆ ಬಿಟ್ಟರೆ ಕಥೆ ಎಂಟು ಜನರ ಕಣ್ಣಲ್ಲಿ ಸಾಗುತ್ತದೆ. ಎಂಟೂ ಜನ ಕೋಟೆಯೊಳಗೆ ಬೆಳೆದವರು, ಇಲ್ಲ ರಾಜವಂಶದವರು. ಮಿರಿಗೆ ಒಂದು ಅಧ್ಯಾಯವೂ ಇಲ್ಲ. ಕುದುರೆ ಸವಾರರಲ್ಲಿ ಒಬ್ಬನ ಮನಸ್ಸೊಳಗೂ ನಾವು ಹೋಗುವುದಿಲ್ಲ, ಆ ಜನ ಬರೀ ಕಾಡುಜನರಾಗಿ ಉಳಿದುಬಿಡುತ್ತಾರೆ. ಬೆಲೆ ತೆರುವವರ ಬಗ್ಗೆ ಇಷ್ಟು ಗೊತ್ತಿರೋ ಲೇಖಕ ಅವರ ಕೈಗೇ ಕಥೆ ಕೊಡೋಕೆ ಯಾಕೆ ಹಿಂಜರಿದರು?

ಎರಡನೇ ಪುಸ್ತಕದಲ್ಲಿ ಸ್ವಲ್ಪ ಸರಿಹೋಗುತ್ತದೆ. ಕೊಳೆಗೇರಿಯಲ್ಲಿ ಹುಟ್ಟಿದ ಡಾವೋಸ್ ಅನ್ನೋ ಕಳ್ಳಸಾಗಣೆದಾರ ಬರುತ್ತಾನೆ. ಮುತ್ತಿಗೆಯಲ್ಲಿ ಹಸಿದು ಸಾಯುತ್ತಿದ್ದ, ರಾಜ ರಾಬರ್ಟ್‌ನ ತಮ್ಮ ಸ್ಟ್ಯಾನಿಸ್‌ನ ಕೋಟೆಗೆ ಈರುಳ್ಳಿ ತಲುಪಿಸಿದ್ದಕ್ಕೆ ಅವನಿಗೆ ನೈಟ್ ಪದವಿ. ಹಳೇ ಕಳ್ಳಸಾಗಣೆಗೆ ಶಿಕ್ಷೆಯಾಗಿ ಎಡಗೈಯ ನಾಲ್ಕು ಬೆರಳಿನ ತುದಿ ಕತ್ತರಿಸುತ್ತಾರೆ. ಎರಡನ್ನೂ ಕೊಟ್ಟವನು ಸ್ಟ್ಯಾನಿಸ್ ಒಬ್ಬನೇ. ಡಾವೋಸ್‌ಗೆ ಅದು ನ್ಯಾಯ ಅನಿಸುತ್ತದೆ. ನನಗಂತೂ ಅನಿಸಿಲ್ಲ, ಸ್ಟ್ಯಾನಿಸ್ ಅಭಿಮಾನಿಗಳು ಜಗಳಕ್ಕೆ ಬರಬಹುದು.