ಎಷ್ಟು ಪೇಪರ್ ಅಂತ ಕೇಳಿದರು, ಯಾರೂ ಓದಲಿಲ್ಲ

ಕಳೆದ ಡಿಸೆಂಬರ್‌ನಲ್ಲಿ ನಾನು ವಿಜಯಪುರಕ್ಕೆ ಬಂದಿದ್ದಾಗ ಅಕ್ಕನ ಮಗಳು ಒಂದು ಸಂದರ್ಶನ ಮುಗಿಸಿ ಮನೆಗೆ ಬಂದಳು. ಜೀವಕೋಶ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ್ದಾಳೆ. ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಚೀಲ ಕೆಳಗಿಟ್ಟು ಹೇಳಿದಳು: "ಎಷ್ಟ ಪೇಪರ್ ಅದಾವ ಅಂತ ಕೇಳಿದ್ರು ಮಾಮಾ. ಅದ್ರಾಗ ಏನೈತಿ ಅಂತ ಯಾರೂ ಕೇಳ್ಲಿಲ್ಲ."

ಪೇಪರ್ ಅಂದರೆ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಸಂಶೋಧನಾ ಲೇಖನ. ಅವಳದು 2 ಪೇಪರ್. ನಾಲ್ಕು ವರ್ಷದ ದುಡಿಮೆ. ಗಾಯ ಮಾಯುವಾಗ ಚರ್ಮದ ಕೋಶಗಳು ಹೇಗೆ ಸರಿದು ಬಂದು ಕೂಡಿಕೊಳ್ಳುತ್ತವೆ ಅನ್ನೋದು ಅವಳ ವಿಷಯ. ತಟ್ಟೆಯಲ್ಲಿ ಕೋಶ ಬೆಳೆಸಬೇಕು, ನಡುವೆ ಸಣ್ಣ ಗೀರು ಎಳೆಯಬೇಕು, ಅದು ಮುಚ್ಚುವವರೆಗೆ ಮೈಕ್ರೋಸ್ಕೋಪಿನಲ್ಲಿ ಫೋಟೊ ತೆಗೆಯುತ್ತಾ ಇರಬೇಕು. ಎರಡು ಮೂರು ದಿನಕ್ಕೊಮ್ಮೆ ಕೋಶಗಳಿಗೆ ಹೊಸ ಆಹಾರ ಹಾಕಲೇಬೇಕು, ದೀಪಾವಳಿ ಇರಲಿ, ಭಾನುವಾರ ಇರಲಿ. ಬೂಷ್ಟು ಹಿಡಿಯಿತೋ, ಎಲ್ಲ ಚೆಲ್ಲಿ ಮತ್ತೆ ಮೊದಲಿಂದ ಶುರು. ಹಾಗೆ ಬಂದ 2 ಪೇಪರ್ ಅವು.

ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇಂಥದ್ದೇ ಒಂದು ಲ್ಯಾಬಿನ ಮೈಕ್ರೋಸ್ಕೋಪ್‌ಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ಸಂಶೋಧನೆಗೆ ಹಣ ಕೊಡುವ ಡಿಎಫ್‌ಜಿ ಸಂಸ್ಥೆ 2010ರಲ್ಲಿ ಒಂದು ನಿಯಮ ತಂದಿತು. ನಿಮ್ಮ ಪರಿಚಯದ ಜೊತೆ ಹೆಚ್ಚೆಂದರೆ 5 ಪೇಪರ್ ಹಾಕಿ, ನೂರು ಬರೆದಿದ್ದರೂ ಅಷ್ಟೇ. ಆ ಮಿತಿ ಆಮೇಲೆ ಸಡಿಲವಾಗಿದೆ ನಿಜ. ಆದರೆ ಪಟ್ಟಿ ಚಿಕ್ಕದಾದರೆ ಓದಲು ಮನಸ್ಸು ಬರುತ್ತದೆ ಅಲ್ವಾ?

ಅಂಕಿ ನೋಡಿ ಅಳೆಯುವುದು ನಿಲ್ಲಿಸಿ ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವರಲ್ಲಿ ಜೀವಕೋಶ ವಿಜ್ಞಾನಿಗಳೇ ಇದ್ದಾರೆ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಜೀವಕೋಶ ವಿಜ್ಞಾನ ಸಂಘದ ಸಮ್ಮೇಳನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದಾಗ 'ಡೋರಾ' ಘೋಷಣೆ ಹುಟ್ಟಿತು. ಪೇಪರ್ ಬಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಮನುಷ್ಯನನ್ನು ಅಳೆಯಬೇಡಿ, ಕೆಲಸವನ್ನೇ ನೋಡಿ ಅನ್ನೋದು ಅದರ ತಿರುಳು. ಪತ್ರಿಕೆಯ ಒಂದೊಂದು ಪೇಪರನ್ನು ಬೇರೆ ಸಂಶೋಧಕರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋದೇ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಆ ಅಂಕಿ ಇಡೀ ಪತ್ರಿಕೆಯ ಸರಾಸರಿ. ಊರಿನ ಸರಾಸರಿ ಇಳುವರಿ ಹೇಳಿದರೆ ನಮ್ಮ ಹೊಲದ ಬೆಳೆ ಗೊತ್ತಾಗುತ್ತದೆಯೇ?

ಇನ್ನು ಎಚ್-ಇಂಡೆಕ್ಸ್. ಸಂಶೋಧಕರನ್ನು ಅಳೆಯಲು ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಕೊಟ್ಟ ಲೆಕ್ಕ ಅದು. ತಲಾ 10 ಸಲವಾದರೂ ಬೇರೆಯವರು ಉಲ್ಲೇಖಿಸಿದ 10 ಪೇಪರ್ ಇದ್ದರೆ ನಿಮ್ಮ ಅಂಕಿ 10. ಹಾಗಾದರೆ 2 ಪೇಪರ್ ಇರುವ ಹುಡುಗಿಯನ್ನು ಸಾವಿರ ಜನ ಉಲ್ಲೇಖಿಸಿದರೂ ಅವಳ ಅಂಕಿ 2 ದಾಟುವುದಿಲ್ಲ. ಇಪ್ಪತ್ತೆಂಟರ ಹುಡುಗಿಯನ್ನು ಇದರಲ್ಲಿ ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಜಪಾನಿನ ಜೀವಕೋಶ ವಿಜ್ಞಾನಿ ಯೊಶಿನೊರಿ ಒಸುಮಿ ತಮ್ಮದೇ ಲ್ಯಾಬ್ ಶುರು ಮಾಡಿದ್ದು 43ನೇ ವಯಸ್ಸಿನಲ್ಲಿ. ಕೋಶ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ಕರಗಿಸಿ ಮತ್ತೆ ಬಳಸುವ ಬಗೆಯನ್ನು ಅವರು ಯೀಸ್ಟಿನಲ್ಲಿ ಹುಡುಕಿದರು. ಅದರ ಜೀನ್‌ಗಳ ಜಾಡು ಹಿಡಿದ 1993ರ ಪೇಪರ್ ಬಂದದ್ದು ಫೆಬ್ಸ್ ಲೆಟರ್ಸ್‌ನಲ್ಲಿ, ದೊಡ್ಡ ಹೆಸರಿನ ಪತ್ರಿಕೆಯಲ್ಲಲ್ಲ. 2016ರಲ್ಲಿ ನೊಬೆಲ್ ಬಂತು. ಇನ್ನೊಂದು ಕಡೆ ಲೌರಿ ಮತ್ತು ಸಂಗಡಿಗರ 1951ರ ಪೇಪರ್ ನೋಡಿ. ಅದು ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ, ಅಷ್ಟೇ. ಲ್ಯಾಬ್ ಲ್ಯಾಬಿಗೂ ಬೇಕಾಗಿದ್ದರಿಂದ 3 ಲಕ್ಷಕ್ಕೂ ಜಾಸ್ತಿ ಸಲ ಉಲ್ಲೇಖವಾಗಿದೆ. ಉಪಯೋಗ ಬೇರೆ, ಹೊಸ ದಾರಿ ತೆರೆಯುವುದು ಬೇರೆ. ಅಂಕಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಹಾಗಂತ ಜರ್ಮನಿಯಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಅಲ್ಲೂ ದೊಡ್ಡ ಪತ್ರಿಕೆಯ ಹೆಸರು ಕಂಡರೆ ಕಣ್ಣು ಅರಳುತ್ತದೆ. ನಮ್ಮ ಕಡೆ ಎಣಿಕೆ ಬೇರೂರಿದ್ದಕ್ಕೂ ಕಾರಣ ಇದೆ. ವಶೀಲಿ ಇಲ್ಲದ ರೈತನ ಮಗಳಿಗೆ ಅಂಕಿಯೇ ಆಸರೆ. ಯಾರದೋ ಫೋನು ಬಂದರೂ ಅಂಕಿ ಬದಲಾಗುವುದಿಲ್ಲ. ಅಂಕಿ ತೆಗೆದ ಜಾಗಕ್ಕೆ ಶಿಫಾರಸು ಬಂದು ಕೂತರೆ ಏನು ಮಾಡೋಣ? ಈ ಭಯ ನನಗೂ ಇದೆ. ಅದಕ್ಕೇ ಅಂಕಿ ಬೇಡ ಅನ್ನುವುದಿಲ್ಲ. ಅದರ ಜೊತೆ ಓದಿ ಅನ್ನುತ್ತೇನೆ.

ಪಿಎಚ್‌ಡಿ ಪ್ರಬಂಧ ಕೊಡುವ ಮುಂಚೆ ಪೇಪರ್ ಬರಲೇಬೇಕು ಎಂಬ ನಿಯಮವನ್ನು ನಮ್ಮ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಸಂದರ್ಶನದ ಕೋಣೆಗೂ ಅಷ್ಟು ಬದಲಾವಣೆ ಬರಲಿ. ನಮ್ಮ ತಿಕೋಟಾ ಕಡೆಯ ಒಣದ್ರಾಕ್ಷಿ ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಹೋದರೆ ವ್ಯಾಪಾರಿ ಬಾಕ್ಸ್ ಬಿಚ್ಚಿ, ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಬಣ್ಣ ಗಾತ್ರ ನೋಡಿಯೇ ದರ ಹೇಳುತ್ತಾನೆ. ಅಷ್ಟು ಮಾಡಿದರೆ ಸಾಕು. ಅಭ್ಯರ್ಥಿ ತನಗೆ ಇಷ್ಟದ ಒಂದು ಪೇಪರ್ ಮೊದಲೇ ಕಳಿಸಲಿ. ಸಮಿತಿಯಲ್ಲಿ ಇಬ್ಬರಾದರೂ ಅದನ್ನು ಓದಿ, ಓದಿದ್ದರ ಮೇಲೆ ಪ್ರಶ್ನೆ ಬರೆದಿಡಲಿ. ಬರೆದದ್ದು ಕಡತದಲ್ಲಿ ಉಳಿದರೆ ಫೋನಿನ ಭಯವೂ ಕಡಿಮೆ.

ಅಕ್ಕನ ಮಗಳಿಗೆ ಮುಂದಿನ ತಿಂಗಳು ಇನ್ನೊಂದು ಸಂದರ್ಶನ ಇದೆ. ಗೀರು ಮುಚ್ಚುವ ಫೋಟೊಗಳನ್ನು ಸಾಲಾಗಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿಕೊಂಡಿದ್ದಾಳೆ. ಯಾರೂ ಕೇಳದಿದ್ದರೂ ಮೇಜಿನ ಮೇಲೆ ಇಡುತ್ತಾಳಂತೆ.